ಗಾಜು, ಗೋಡೆ ಮತ್ತು ಜನೋಕ್ತಿ: ಹಾರ್ಡ್‌ವಿಕ್ ಹಾಲ್ ವಾಸ್ತುವಿನ ಮರುಓದು

ಕಟ್ಟಡವೊಂದನ್ನು ಕುರಿತ ಜನೋಕ್ತಿಯನ್ನು ವಾಸ್ತುಶಿಲ್ಪದ ಬರಹಗಳು ಬಹುಮಟ್ಟಿಗೆ ಅಲಂಕಾರವಾಗಿ ಬಳಸಿ ಮುಂದೆ ಸಾಗುತ್ತವೆ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್ ಎಂಬ ಗ್ರಾಮೀಣ ಮಹಾಸೌಧದಲ್ಲಿ ಗೋಡೆಗಿಂತ ಗಾಜೇ ಮಿಗಿಲೆಂದು ಸಾರುವ ಪ್ರಾಸಬದ್ಧ ನುಡಿಗೂ ಇದೇ ಗತಿ ಒದಗಿದೆ. ಆ ನುಡಿಯನ್ನು ಒಂದು ಆಕರವೆಂದೇ ಸ್ವೀಕರಿಸಿ, ಕಟ್ಟಡದೊಡನೆ ಹೋಲಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

'ಹಾರ್ಡ್‌ವಿಕ್‌ನ ಬೆಸ್' ಎಂದು ಪ್ರಸಿದ್ಧಳಾದ, ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್ ಟಾಲ್ಬಟ್ 1590ರಿಂದ 1597ರ ಅವಧಿಯಲ್ಲಿ ಈ ಸೌಧವನ್ನು ಕಟ್ಟಿಸಿದಳು. ವಿನ್ಯಾಸ ರಾಬರ್ಟ್ ಸ್ಮಿತ್‌ಸನ್‌ನದೆಂದು ವಿದ್ವಾಂಸರು ಒಪ್ಪುತ್ತಾರೆ. ಇದನ್ನು ಹೋಲುವ ನಕ್ಷೆಯೊಂದು ಅವನ ರೇಖಾಚಿತ್ರಗಳಲ್ಲಿ ಉಳಿದಿದೆ. ಆರು ಗೋಪುರಗಳ ನೆತ್ತಿಯಲ್ಲಿ ಕಟ್ಟಿಸಿದವಳ ಹೆಸರಿನ ಮೊದಲಕ್ಷರಗಳು ಕಲ್ಲಿನಲ್ಲಿ ಮೂಡಿವೆ. ಗಾಜು ದುಬಾರಿ ವಸ್ತುವಾಗಿದ್ದ ಆ ಕಾಲದಲ್ಲಿ ಅವಳಿಗೆ ಸ್ವಂತ ಗಾಜಿನ ಕಾರ್ಖಾನೆಯೂ ಕಲ್ಲುಗಣಿಯೂ ಇದ್ದವು. ಆದುದರಿಂದ ಜನರು ಕಂಡ ಗಾಜು ಕೇವಲ ಸೌಂದರ್ಯವಲ್ಲ, ಸಂಪತ್ತಿನ ಬಹಿರಂಗ ಘೋಷಣೆ.

ಆದರೆ ಈ ಜನೋಕ್ತಿ ಎಲ್ಲಿ ನಿಂತು ನೋಡುತ್ತದೆ? ಮನೆಯ ಹೊರಗೆ. ಒಳಹೊಕ್ಕು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಬೆಂಕಿಗೂಡುಗಳನ್ನೂ ಹೊಗೆಕೊಳವೆಗಳನ್ನೂ ಬಹುಪಾಲು ಮನೆಯ ನಡುವಿನ ದಪ್ಪ ಗೋಡೆಗಳಿಗೆ ಸೇರಿಸಿದ್ದರಿಂದಲೇ ಹೊರಗೋಡೆಗಳಲ್ಲಿ ಇಷ್ಟು ದೊಡ್ಡ ಕಿಟಕಿಗಳಿಗೆ ಅವಕಾಶ ದೊರೆಯಿತು. ಅಲ್ಲದೆ ಕೆಲವು ಕಿಟಕಿಗಳು ಹುಸಿ. ಹೊರಗಿನ ಸಮರೂಪತೆಗಾಗಿ ಗಾಜು ಇಡಲಾಗಿದೆ, ಅದರ ಹಿಂದೆ ಇರುವುದು ಗೋಡೆಯೇ. ಜನೋಕ್ತಿ ಗಾಜೆಂದು ಎಣಿಸಿದುದರಲ್ಲಿ ಗೋಡೆಯ ಪಾಲೂ ಇದೆ.

ಕಿಟಕಿಗಳ ಎತ್ತರಕ್ಕೂ ಅರ್ಥವಿದೆ. ಮೂರು ಅಂತಸ್ತುಗಳಲ್ಲಿ ಮೇಲೇರಿದಂತೆ ಕಿಟಕಿಗಳು ಎತ್ತರವಾಗುತ್ತವೆ. ಕೆಳಗೆ ಅಡುಗೆಮನೆ ಮತ್ತು ಸೇವಕವರ್ಗ, ನಡುವೆ ಕುಟುಂಬದ ವಾಸ, ಮೇಲೆ ರಾಜಮರ್ಯಾದೆಯ ಕೋಣೆಗಳು. ಡಯಾನಾ ದೇವತೆಯ ವನವನ್ನು ಗಾರೆಯಲ್ಲಿ ಮೂಡಿಸಿದ ಮಹಾಕೊಠಡಿಯೂ ಸುಮಾರು 50 ಮೀಟರ್ ಉದ್ದದ ಗ್ಯಾಲರಿಯೂ ಇರುವುದು ಅಲ್ಲಿಯೇ. ಬೆಳಕು ಅಂತಸ್ತಿಗೆ ತಕ್ಕಂತೆ ಹಂಚಿಕೆಯಾಗಿದೆ.

ಹಾರ್ಡ್‌ವಿಕ್‌ನ ನಿಜವಾದ ಸ್ಥಿತ್ಯಂತರವನ್ನು ಕಾಣಬೇಕಾದುದು ಅದರ ಹಜಾರದಲ್ಲಿ. ಮಧ್ಯಯುಗದ ಮನೆಗಳಲ್ಲಿ ಹಜಾರವು ಮುಂಭಾಗಕ್ಕೆ ಸಮಾನಾಂತರವಾಗಿರುತ್ತಿತ್ತು. ಒಂದು ತುದಿಯ ಜಗಲಿಯ ಮೇಲೆ ಒಡೆಯ, ಕೆಳಗೆ ಪರಿವಾರ, ಎಲ್ಲರೂ ಒಂದೇ ಸೂರಿನಡಿ ಉಣ್ಣುವುದು ರೂಢಿ. ಇಲ್ಲಿ ಹಜಾರವನ್ನು ಅಡ್ಡ ತಿರುಗಿಸಿ, ಮನೆಯ ನಟ್ಟನಡುವೆ ಹಾಯುವಂತೆ ಇರಿಸಲಾಗಿದೆ. ಮುಂಭಾಗದ ಸಮರೂಪತೆ ಇದರಿಂದ ಪರಿಪೂರ್ಣವಾಯಿತು. ಆದರೆ ಸಹಪಂಕ್ತಿಯ ತಾಣವು ಸೇವಕರ ಊಟದ ಮನೆಯೂ ಪ್ರವೇಶದ ಹಾದಿಯೂ ಆಗಿ ಇಳಿಯಿತು; ಒಡತಿ ಮೇಲೆ ಉಂಡಳು. ಈ ಬದಲಾವಣೆಯ ಬಗ್ಗೆ ಜನೋಕ್ತಿ ಮೌನ ವಹಿಸುತ್ತದೆ.

ಗ್ರಾಮೀಣ ಮಹಾಸೌಧಗಳ ಅಧ್ಯಯನವು ದೀರ್ಘಕಾಲ ಒಡೆಯ ಮತ್ತು ಶೈಲಿಗಳ ಸುತ್ತಲೇ ಸುತ್ತುತ್ತಿತ್ತು. ಮಾರ್ಕ್ ಜಿರೋವಾರ್ಡ್ ಅವರ 1978ರ ಕೃತಿ ಆ ಮನೆಗಳಲ್ಲಿನ ಬದುಕಿನತ್ತ ಗಮನ ಹೊರಳಿಸಿತು. ಹಾರ್ಡ್‌ವಿಕ್‌ನಲ್ಲಿ ಉಳಿದುಬಂದಿರುವ ನಿರ್ಮಾಣದ ಲೆಕ್ಕಪತ್ರಗಳು ಇನ್ನೊಂದು ಹೆಜ್ಜೆ ಮುಂದಿಡಲು ನೆರವಾಗುತ್ತವೆ. ಗೋಪುರದ ಮೇಲೆ ಕಾಣದ ಕಲ್ಲುಕುಟಿಗರ ಹೆಸರುಗಳು, ರೋಡ್ಸ್ ಸೋದರರಂಥವರ ಹೆಸರುಗಳು, ಅವುಗಳಲ್ಲಿವೆ.

1959ರಲ್ಲಿ ನ್ಯಾಷನಲ್ ಟ್ರಸ್ಟ್‌ನ ವಶಕ್ಕೆ ಬಂದ ಈ ಮನೆಯೊಳಗೆ ಇಂದು ಯಾರೂ ಹೋಗಬಹುದು. ಆದರೂ ನೋಡುಗರ ಬಾಯಲ್ಲಿ ಹೊರಗಿನ ನೋಟದ ಆ ನುಡಿಯೇ ಮುಂದುವರಿದಿದೆ. ಜಾನಪದ ವಿದ್ವಾಂಸರು ಅದನ್ನು ಜನರ ತೀರ್ಪೆಂದು ಆರಾಧಿಸಬೇಕಾಗಿಲ್ಲ. ವಾಸ್ತು ವಿದ್ವಾಂಸರು ವಿನೋದವೆಂದು ಬದಿಗಿಡಬೇಕಾಗಿಯೂ ಇಲ್ಲ. ಒಳಗೆ ಪ್ರವೇಶವಿಲ್ಲದವರಿಗೆ ಆ ಮನೆ ಹೇಗೆ ಕಾಣಿಸಿತೆಂಬುದಕ್ಕೆ ಅದು ಸಾಕ್ಷಿ. ನಕ್ಷೆ, ಲೆಕ್ಕಪತ್ರ, ಜನೋಕ್ತಿ ಈ ಮೂರನ್ನೂ ಒಟ್ಟಿಗೆ ಓದಿದಾಗ ಮಾತ್ರ ಗಾಜನ್ನು ಹೊತ್ತು ನಿಂತ ಗೋಡೆಯೂ, ಗೋಡೆಯನ್ನು ಕಟ್ಟಿದ ಕೈಗಳೂ ಅಧ್ಯಯನದೊಳಗೆ ಬರುತ್ತವೆ.