ಬಾಲ್ಗಾಟ್‌ನ ರೇಡಿಯೊ: ಅಂತರರಾಷ್ಟ್ರೀಯ ಸಂವಹನದ ಒಂದು ಆಕರಗ್ರಂಥದ ಮರುಓದು

ಅಂತರರಾಷ್ಟ್ರೀಯ ಸಂವಹನವನ್ನು ಬೋಧಿಸುವ ವಿಶ್ವವಿದ್ಯಾಲಯಗಳಲ್ಲಿ ಡೇನಿಯಲ್ ಲರ್ನರ್ ಅವರ ‘ದಿ ಪಾಸಿಂಗ್ ಆಫ್ ಟ್ರೆಡಿಷನಲ್ ಸೊಸೈಟಿ’ (1958) ವಿದ್ಯಾರ್ಥಿಗೆ ಪರಿಚಯವಾಗುವುದು ಬಹುಮಟ್ಟಿಗೆ ಒಂದು ಸೂತ್ರವಾಗಿ. ನಗರೀಕರಣ, ಸಾಕ್ಷರತೆ, ಮಾಧ್ಯಮಗಳ ಬಳಕೆ, ಸಾರ್ವಜನಿಕ ಜೀವನದಲ್ಲಿ ಭಾಗವಹಿಸುವಿಕೆ: ಈ ಮೆಟ್ಟಿಲುಗಳನ್ನು ಏರಿದ ಸಮಾಜ ಆಧುನಿಕ, ಉಳಿದದ್ದು ಸಾಂಪ್ರದಾಯಿಕ. ಸೂತ್ರವನ್ನು ಉರುಹೊಡೆದವರು ಗ್ರಂಥದ ಆರಂಭದ ಪುಟಗಳಿಗೆ ಹಿಂದಿರುಗುವುದು ಅಪರೂಪ. ಅದರ ಸತ್ವವೂ ದೌರ್ಬಲ್ಯವೂ ಅಡಗಿರುವುದು ಅಲ್ಲಿಯೇ.

ತುರ್ಕಿಯ ಅಂಕಾರಾ ಸಮೀಪದ ಬಾಲ್ಗಾಟ್ ಹಳ್ಳಿಯಲ್ಲಿ 1950ರಲ್ಲಿ ನಡೆದ ಸಂದರ್ಶನಗಳು ಆ ಪುಟಗಳ ವಸ್ತು. ಸ್ವದೇಶದಲ್ಲಿ ಬಾಳಲಾಗದಿದ್ದರೆ ಎಲ್ಲಿ ನೆಲೆಸುವಿರಿ ಎಂಬ ಪ್ರಶ್ನೆಗೆ ದಿನಸಿ ಅಂಗಡಿಯವನು ಅಮೆರಿಕವನ್ನು ಹೆಸರಿಸಿದ. ಊರಿನ ಮುಖ್ಯಸ್ಥ ಹುಟ್ಟಿದ ನೆಲದಲ್ಲಿಯೇ ಮಣ್ಣಾಗಬಯಸಿದ. ತನ್ನನ್ನು ಅನ್ಯ ಸ್ಥಾನದಲ್ಲಿ ಕಲ್ಪಿಸಿಕೊಳ್ಳಬಲ್ಲವನೇ ಆಧುನಿಕ ಎಂಬ ಪ್ರಮೇಯ ಈ ವ್ಯತ್ಯಾಸವನ್ನು ಆಧರಿಸಿದೆ. ಆದರೆ ಊರಿನಲ್ಲಿ ರೇಡಿಯೊ ಇದ್ದದ್ದು ಮುಖ್ಯಸ್ಥನ ಮನೆಯಲ್ಲಿ! ಹಿರಿಯರನ್ನು ಕರೆದು ಕೂರಿಸಿ, ಅಂಕಾರಾದ ವಾರ್ತೆಯನ್ನು ಕೇಳಿಸಿ, ಅದರ ಅರ್ಥ ಹೇಳುತ್ತಿದ್ದವನು ಅವನೇ. ಮಾಧ್ಯಮವನ್ನು ತನ್ನ ಅಧಿಕಾರದ ಭಾಗವಾಗಿಸಿಕೊಂಡ ಈ ವ್ಯಕ್ತಿಗೆ ಸೂತ್ರದಲ್ಲಿ ಸ್ಥಾನವಿಲ್ಲ. 1954ರಲ್ಲಿ ಲರ್ನರ್ ಅಲ್ಲಿಗೆ ಹೋದಾಗ ಅಂಗಡಿಯವನು ತೀರಿಕೊಂಡಿದ್ದ. ಅಂಗಡಿಗಳನ್ನು ನಡೆಸುತ್ತಿದ್ದವರು ಮುಖ್ಯಸ್ಥನ ಮಕ್ಕಳು. ಲರ್ನರ್‌ಗೆ ಇದು ಅಂಗಡಿಯವನ ದೃಷ್ಟಿಯ ವಿಜಯವಾಗಿ ಕಂಡಿತು. ಹಳೆಯ ಮನೆತನವೇ ಹೊಸ ವ್ಯಾಪಾರವನ್ನು ಕೈವಶ ಮಾಡಿಕೊಂಡಿತೆಂದು ಓದಲೂ ಅಷ್ಟೇ ಆಧಾರವಿದೆ.

ಪ್ರಶ್ನೆ ಕೇಳಿಸಿದವರು ಯಾರೆಂಬುದೂ ಗೌಣವಲ್ಲ. ಈ ಸಮೀಕ್ಷೆ ಮೂಲತಃ ಶೀತಲ ಸಮರದ ದಿನಗಳಲ್ಲಿ ‘ವಾಯ್ಸ್ ಆಫ್ ಅಮೆರಿಕ’ಕ್ಕಾಗಿ ಕೈಗೊಂಡ ಶ್ರೋತೃ ಅಧ್ಯಯನ. ಈ ಹಿನ್ನೆಲೆಯನ್ನು ಮರೆಮಾಡಿದರೆ ಒಂದು ರಾಷ್ಟ್ರದ ಪ್ರಚಾರದ ಅಗತ್ಯ ಜಗತ್ತಿನ ನಿಯಮವಾಗಿ ತೋರುತ್ತದೆ. ಇದಕ್ಕೆ ಉತ್ತರವೆಂಬಂತೆ ತರಗತಿಗಳಲ್ಲಿ ಯುನೆಸ್ಕೊದ ಮ್ಯಾಕ್‌ಬ್ರೈಡ್ ವರದಿಯನ್ನು (1980) ಮುಂದಿಡುವುದುಂಟು, ಬಿ.ಜಿ. ವರ್ಗೀಸ್ ಅವರೂ ಆ ಆಯೋಗದ ಸದಸ್ಯರಾಗಿದ್ದರು. ಆದರೆ ಅಲ್ಲಿಯೂ ಚರ್ಚೆ ರಾಷ್ಟ್ರ ರಾಷ್ಟ್ರಗಳ ನಡುವಣ ಸುದ್ದಿಹರಿವಿನಲ್ಲಿಯೇ ನಿಂತುಬಿಡುತ್ತದೆ. ಮುಖ್ಯಸ್ಥನ ಪಡಸಾಲೆಯವರೆಗೆ ಬರುವುದಿಲ್ಲ.

ಕರ್ನಾಟಕದ ಸಂಶೋಧಕರಿಗೆ ಈ ಪಡಸಾಲೆ ದೂರದ್ದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೊ ನಡೆಸಿದ ‘ಸೈಟ್’ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು, ಕಾರ್ಯಕ್ರಮಗಳು ಕನ್ನಡದಲ್ಲಿಯೂ ಬಂದವು. ಈ ಪ್ರಯೋಗದ ಅಧ್ಯಯನಕ್ಕೆ ಅಂಕಿಅಂಶಗಳ ಸಮೀಕ್ಷೆಯಷ್ಟೇ ಸಾಲದೆಂದು ಮಾನವಶಾಸ್ತ್ರಜ್ಞರು ಕೆಲವು ಹಳ್ಳಿಗಳಲ್ಲಿ ನೆಲೆಸಿ ವೀಕ್ಷಣೆ ನಡೆಸಿದ್ದೂ ಉಂಟು. ಪಠ್ಯಕ್ರಮದಲ್ಲಿ ಇದು ‘ಭಾರತೀಯ ದೂರದರ್ಶನದ ಇತಿಹಾಸ’ದ ಒಂದು ಟಿಪ್ಪಣಿಯಾಗಿ ಉಳಿದಿರುವುದು ವಿಚಿತ್ರ. ಸಮುದಾಯದ ಟೆಲಿವಿಷನ್ ಮುಂದೆ ಯಾರು ಕುಳಿತರು, ಯಾರು ಹೊರಗೆ ನಿಂತರು, ನೋಡಿದ್ದಕ್ಕೆ ಯಾರು ಅರ್ಥ ಹೇಳಿದರು ಎಂಬ ಪ್ರಶ್ನೆಗಳನ್ನು ಬಾಲ್ಗಾಟ್‌ನ ಪುಟಗಳ ಜೊತೆಯಿಟ್ಟು ಕೇಳಬೇಕಾದ ಅಧ್ಯಾಯ ಅದು.