ಮರಳಿ ಬರುವ ಆಟ: ‘ಕ್ರಿಕೆಟ್ 07’

ಒಂದು ಕೃತಿಯ ಯೋಗ್ಯತೆಯನ್ನು ನಿರ್ಣಯಿಸುವಲ್ಲಿ ಮೊದಲ ಪರಿಚಯದ ಬೆರಗಿಗಿಂತಲೂ ಹತ್ತನೆಯ ಸಲದ ಸಹವಾಸವೇ ಹೆಚ್ಚಿನ ಪ್ರಮಾಣವೆಂಬುದನ್ನು ಕಾವ್ಯದ ವಿಷಯದಲ್ಲಿ ನಮ್ಮ ವಿಮರ್ಶಕರು ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದಾರೆ. ಸಂಗೀತದ ವಿಷಯದಲ್ಲಂತೂ ಅದು ವಾದಕ್ಕೇ ಬರತಕ್ಕದ್ದಲ್ಲ, ಏತಕ್ಕೆಂದರೆ ಕೇಳಿ ತಣಿದ ರಾಗವನ್ನೇ ಮತ್ತೊಮ್ಮೆ ಕೇಳಲೆಂದು ಜನ ಕಛೇರಿಗೆ ಹೋಗುವರು. ವಿಡಿಯೋ ಗೇಮ್‌ಗಳ ಮಾತು ಬಂದಾಗ ಮಾತ್ರ ಈ ಪ್ರಮಾಣವನ್ನು ನಾವು ಕೈಬಿಟ್ಟು, ಚಿತ್ರ ಎಷ್ಟು ಸ್ಪಷ್ಟವಾಗಿದೆ, ಯಂತ್ರ ಎಷ್ಟು ಬಲಶಾಲಿಯಾಗಿದೆ, ಹೋದ ವರ್ಷದ ಆಟಕ್ಕಿಂತ ಈ ವರ್ಷದ್ದು ಎಷ್ಟು ಮುಂದೆ ಹೋಗಿದೆ ಎಂಬುದನ್ನೇ ಕೇಳುತ್ತ ಕೂರುತ್ತೇವೆ. ಈ ರೂಢಿಗೆ ಎದುರಾಗಿ ನಿಂತು, 2006ರ ನವೆಂಬರಿನಲ್ಲಿ ಹೊರಬಂದು ಇಂದಿಗೂ ಆಡಲ್ಪಡುತ್ತಿರುವ ‘ಕ್ರಿಕೆಟ್ 07’ ಎಂಬ ಆಟವನ್ನು, ಅದಕ್ಕೆ ಸಲ್ಲತಕ್ಕ ಗಾಂಭೀರ್ಯದಿಂದ ಪರಿಶೀಲಿಸಬೇಕೆಂಬುದು ನನ್ನ ಉದ್ದೇಶ.

ಒಂದು ಕಡೆ ಹೂವು, ಹಣ್ಣು, ವೀಳೆಯದೆಲೆಗಳ ಮಾರುಕಟ್ಟೆ, ಇನ್ನೊಂದು ಕಡೆ ಬಟ್ಟೆಯಂಗಡಿಗಳು ಸಾಲಾಗಿ ನಿಂತ ದೇವರಾಜ ಅರಸು ರಸ್ತೆ, ಅವುಗಳ ಬೆನ್ನಿಗೆ ಶಿವರಾಂಪೇಟೆಯ ಇಕ್ಕಟ್ಟಾದ ಓಣಿಗಳು: ಹೀಗೆ ಹರಡಿಕೊಂಡಿರುವ ಮೈಸೂರಿನ ದೇವರಾಜ ಮೊಹಲ್ಲೆಯಲ್ಲಿ ಆ ಕಾಲಕ್ಕೆ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಸೈಬರ್ ಕೆಫೆಗಳಿದ್ದುವು. ಪತ್ರ ಕಳುಹಿಸಲೆಂದೂ ಪರೀಕ್ಷೆಯ ಫಲಿತಾಂಶ ನೋಡಲೆಂದೂ ಹಿರಿಯರು ಅಲ್ಲಿಗೆ ಹತ್ತಿ ಹೋಗುತ್ತಿದ್ದರೆ, ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು, ಒಂದೇ ಯಂತ್ರದ ಮುಂದೆ ಎರಡು ಕುರ್ಚಿ ಎಳೆದುಕೊಂಡು ಕೂರುವ ಹುಡುಗರು ಹೋಗುತ್ತಿದ್ದುದು ಆಟಕ್ಕಾಗಿ. ಅಲ್ಲಿ ಆಡಲ್ಪಟ್ಟ ಪ್ರತಿಗಳಲ್ಲಿ ಹೆಚ್ಚಿನವು ನ್ಯಾಯವಾಗಿ ಕೊಂಡವುಗಳಲ್ಲವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆ ದೋಷ ಆಡಿದವರದು, ಕೃತಿಯದಲ್ಲ. ಸೈಬರ್ ಕೆಫೆಗಳು ಒಂದೊಂದಾಗಿ ಮುಚ್ಚಿದುವು. ಆ ಹುಡುಗರು ಉದ್ಯೋಗಸ್ಥರಾಗಿ ಬೆಂಗಳೂರಿಗೂ ಅದರಾಚೆಗೂ ಚದರಿದರು. ಹಾಗಿದ್ದೂ ದಸರೆಗೋ ಯುಗಾದಿಗೋ ಮನೆಗೆ ಬಂದವರು ತಮ್ಮನ ಲ್ಯಾಪ್‌ಟಾಪಿನಲ್ಲಿ ಮತ್ತೆ ಈ ಆಟವನ್ನೇ ತೆರೆದು ಕೂರುವುದನ್ನು ನಾನು ಕಂಡಿದ್ದೇನೆ. ಆಟ ಹುಟ್ಟಿದ ಮೇಲೆ ಹುಟ್ಟಿದ ತಮ್ಮನೂ ಅವರ ಜೊತೆಗೆ ಆಡುತ್ತಾನೆಂಬುದು ವಿಮರ್ಶಕನಿಗೆ ಮುಖ್ಯವಾದ ಸಾಕ್ಷ್ಯ, ಏಕೆಂದರೆ ಬಾಲ್ಯದ ಸ್ಮರಣೆಯೊಂದೇ ಈ ಆಕರ್ಷಣೆಗೆ ಕಾರಣವೆಂಬ ವಾದ ಅಲ್ಲಿಗೆ ಬಿದ್ದುಹೋಗುತ್ತದೆ.

ಕೃತಿಯ ಸ್ವರೂಪವನ್ನು ನೋಡೋಣ. ಇಎ ಸ್ಪೋರ್ಟ್ಸ್ ಸಂಸ್ಥೆಗಾಗಿ, ಕ್ರಿಕೆಟ್ಟು ಮನೆಮಾತಾಗಿರದ ಕೆನಡಾ ದೇಶದ ಎಚ್‌ಬಿ ಸ್ಟುಡಿಯೋಸ್ ಇದನ್ನು ನಿರ್ಮಿಸಿತು. ‘ಕ್ರಿಕೆಟ್ 96’ರಿಂದ ಆರಂಭವಾದ ಮಾಲೆಯಲ್ಲಿ ಇದೇ ಕಡೆಯದು, ಇದರ ತರುವಾಯ ಆ ಸಂಸ್ಥೆ ಇಂತಹ ಇನ್ನೊಂದು ಕ್ರಿಕೆಟ್ ಆಟವನ್ನು ಹೊರತರಲಿಲ್ಲ. ಪ್ರಕಟಣೆಗೆ ನಿಮಿತ್ತವಾದದ್ದು 2006-07ರ ಆಷಸ್ ಸರಣಿ, ಮುಖಪುಟದಲ್ಲಿ ಆಂಡ್ರ್ಯೂ ಫ್ಲಿಂಟಾಫ್, ವೀಕ್ಷಕ ವಿವರಣೆಗೆ ರಿಚೀ ಬೆನೊ ಮತ್ತು ಮಾರ್ಕ್ ನಿಕೋಲಸ್. ಪ್ಲೇಸ್ಟೇಷನ್ 2 ಯಂತ್ರದಲ್ಲಿ ಆಡುವವರಿಗೆ ಕೈಯ ಸನ್ನೆಗೋಲನ್ನು ತಿರುಗಿಸಿದ ದಿಕ್ಕಿಗೆ ಬ್ಯಾಟು ಬೀಸುವ ‘ಸೆಂಚುರಿ ಸ್ಟಿಕ್’ ಎಂಬ ಏರ್ಪಾಟು ಆಗಿನ ಹೊಸತನವೆಂದು ಸಾರಲ್ಪಟ್ಟಿತು. ನಮ್ಮ ಹುಡುಗರಲ್ಲಿ ಬಹುಮಂದಿಗೆ ದೊರಕಿದ್ದು ಕೀಲಿಮಣೆ. ದಿಕ್ಕಿಗೆ ಬಲಗೈಯ ಬಾಣದ ಕೀಲಿಗಳು, ಹೊಡೆತಕ್ಕೆ ಎಡಗೈಯ ಕೆಲವು ಅಕ್ಷರಗಳು, ಇಷ್ಟೇ ಉಪಕರಣ.

ಇದರ ದೋಷಗಳು ಅಲ್ಪವಲ್ಲ. ಯಂತ್ರವೇ ಆಡಿಸುವ ಎದುರಾಳಿ ತಂಡಕ್ಕೆ ತಾಳ್ಮೆಯೆಂಬುದು ಇಲ್ಲವಾದ್ದರಿಂದ ಐದು ದಿನಗಳ ಟೆಸ್ಟ್ ಪಂದ್ಯದ ಆತ್ಮವನ್ನೇ ಈ ಆಟ ಹಿಡಿಯಲಾರದು. ಹೊಸ ಚೆಂಡಿನೆದುರು ಒಂದು ಗಂಟೆಯ ಕಾಲ ಬ್ಯಾಟನ್ನು ಎತ್ತಿ ಚೆಂಡನ್ನು ಬಿಡುತ್ತ ನಿಲ್ಲುವುದರಲ್ಲಿರುವ ಉದಾತ್ತತೆಯನ್ನು, ರಾಹುಲ್ ದ್ರಾವಿಡರ ಬ್ಯಾಟಿಂಗನ್ನು ಕಂಡು ಬೆಳೆದ ಕನ್ನಡಿಗರಾದರೂ, ಇಲ್ಲಿ ಕಾಣುವಂತಿಲ್ಲ. ಒಂದೆರಡು ಹೊಡೆತಗಳ ಮರ್ಮ ತಿಳಿದ ಮೇಲೆ ಯಂತ್ರದ ವಿರುದ್ಧ ಬೇಕಾದಾಗ ಬೌಂಡರಿ ಬಾರಿಸಬಹುದು. ವಿವರಣೆಯ ವಾಕ್ಯಗಳು ಕೆಲವೇ ದಿನಗಳಲ್ಲಿ ಬಾಯಿಪಾಠವಾಗುತ್ತವೆ, ಆದರೆ 2015ರಲ್ಲಿ ಬೆನೊ ತೀರಿಕೊಂಡ ಮೇಲೆ ಆ ಮಿತಭಾಷೆಯ ಕಂಠಕ್ಕೆ ಹೊಸದೊಂದು ಬೆಲೆ ಬಂದಿದೆ ಎಂಬುದನ್ನೂ ಹೇಳಬೇಕು. ಪ್ರೇಕ್ಷಕರ ಸಮೂಹ ಬಣ್ಣದ ಚುಕ್ಕೆಗಳಿಗಿಂತ ಹೆಚ್ಚೇನಲ್ಲ. ಎಲ್ಲಕ್ಕೂ ಮಿಗಿಲಾಗಿ, ಹಕ್ಕುಗಳು ದೊರೆಯದ ಕಾರಣ ಭಾರತದ ಆಟಗಾರರ ಹೆಸರುಗಳನ್ನು ತಿರುಚಿ ಇಡಲಾಗಿತ್ತು. ತನ್ನ ನಾಡಿನ ಮಹಾವೀರನನ್ನು ವಿಕೃತನಾಮದಿಂದ ಕರೆಯಬೇಕಾದ ಬಾಲಕನಿಗೆ ಅದು ನೋವಿನ ಸಂಗತಿಯಾಗಿತ್ತು.

ಆಶ್ಚರ್ಯವೆಂದರೆ, ಈ ಆಟದ ದೀರ್ಘಾಯುಷ್ಯಕ್ಕೆ ನಾಂದಿಯಾದದ್ದು ಈ ಕಡೆಯ ದೋಷವೇ. ಆಟಗಾರರ ಪಟ್ಟಿ ಒಂದು ಕಡತದಲ್ಲಿತ್ತು, ಅದನ್ನು ತಿದ್ದಬಹುದಾಗಿತ್ತು. ಅಭಿಮಾನಿಗಳು ಮೊದಲು ಹೆಸರುಗಳನ್ನು ಸರಿಪಡಿಸಿದರು. ಆಮೇಲೆ ಉಡುಪು, ಬ್ಯಾಟು, ಮೈದಾನ, ಮುಖಚರ್ಯೆ ಎಲ್ಲವೂ ಒಂದಾದಮೇಲೊಂದು ಬದಲಾದುವು. 2008ರ ಏಪ್ರಿಲಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಆರಂಭವಾದಾಗ, ಅಂತಹದೊಂದು ಪಂದ್ಯಾವಳಿ ಹುಟ್ಟುವುದಕ್ಕೆ ಮೊದಲೇ ನಿರ್ಮಾಣಗೊಂಡಿದ್ದ ಈ ಆಟದೊಳಕ್ಕೆ ಅಭಿಮಾನಿಗಳು ಅದರ ತಂಡಗಳನ್ನು ತಂದಿಳಿಸಿದರು. ಅಂದಿನಿಂದ ಪ್ರತಿವರ್ಷವೂ, ಮಳೆಗಾಲಕ್ಕೆ ಮುನ್ನ ಹೆಂಚಿನ ಮನೆಯ ಮಾಡನ್ನು ಕೈಯಾಡಿಸುವಂತೆ, ಯಾರೋ ಅಜ್ಞಾತರು ಈ ಹಳೆಯ ಆಟವನ್ನು ಹೊಸ ಋತುವಿಗೆ ಸಿದ್ಧಪಡಿಸುತ್ತ ಬಂದಿದ್ದಾರೆ. ಮೈಸೂರಿನವರೇ ಆದ ಜಾವಗಲ್ ಶ್ರೀನಾಥರು 2003ರಲ್ಲಿಯೇ ನಿವೃತ್ತರಾಗಿದ್ದರಿಂದ ಮೂಲಕೃತಿಯ ತಂಡದಲ್ಲಿ ಅವರಿಗೆ ಎಡೆಯಿರಲಿಲ್ಲ. ಆದರೆ ಶ್ರೀನಾಥರ ಓಟವನ್ನು ಕಣ್ಣಾರೆ ಕಂಡ ಊರಿನ ಹುಡುಗನಿಗೆ ಅವರನ್ನು ಮರಳಿ ತಂಡದಲ್ಲಿ ನಿಲ್ಲಿಸಿ, ಮುಂದಿನ ತಲೆಮಾರಿನ ಬ್ಯಾಟ್ಸ್‌ಮನ್ನರೆದುರು ಚೆಂಡೆಸೆಯಿಸುವ ಸ್ವಾತಂತ್ರ್ಯವುಂಟು. ಇತಿಹಾಸ ಕೂಡಿಸದವರನ್ನು ಕೂಡಿಸಿ ನೋಡುವ ಈ ಸುಖ ನನ್ನ ದೃಷ್ಟಿಯಲ್ಲಿ ಕ್ಷುಲ್ಲಕವಾದದ್ದಲ್ಲ.

ತಿದ್ದುಪಡಿಗೆ ಎಡೆಯಿದ್ದ ಮಾತ್ರಕ್ಕೇ ಜನ ಮರಳಿ ಬರುವರೆಂದು ಹೇಳಲಾಗದು. ಮೂಲದಲ್ಲಿ ಒಂದು ಸತ್ತ್ವವಿರಬೇಕು, ಮತ್ತು ‘ಕ್ರಿಕೆಟ್ 07’ರಲ್ಲಿ ಆ ಸತ್ತ್ವ ಇಬ್ಬರು ಎದುರುಬದುರಾಗಿ ಆಡುವಾಗ ಪ್ರಕಟವಾಗುತ್ತದೆ. ಯಂತ್ರದೆದುರು ಸುಲಭವಾಗಿ ಕಂಡ ಬ್ಯಾಟಿಂಗು, ಪಕ್ಕದ ಕುರ್ಚಿಯ ಗೆಳೆಯನೆದುರು ಕಠಿನವಾಗುತ್ತದೆ. ನಿಮ್ಮ ಪ್ರಿಯವಾದ ಹೊಡೆತ ಯಾವುದೆಂಬುದನ್ನು ಅವನು ಬಲ್ಲ, ಅವನು ಬಲ್ಲನೆಂಬುದನ್ನು ನೀವು ಬಲ್ಲಿರಿ, ಆದಕಾರಣ ಒಂದು ನಿಧಾನದ ಎಸೆತಕ್ಕೆ ವರ್ಷಗಳ ಪರಿಚಯವೆಲ್ಲವೂ ಹಿನ್ನೆಲೆಯಾಗಿ ನಿಲ್ಲುತ್ತದೆ. ನಿಯಮಗಳು ಕೆಲವೇ, ಪರಿಣಾಮಗಳು ಅಸಂಖ್ಯಾತ. ಈ ಗುಣವನ್ನು ಕೊಟ್ಟದ್ದು ನಿರ್ಮಾಪಕರ ಪ್ರತಿಭೆಯೋ ಕ್ರಿಕೆಟ್ಟಿನದೇ ಸ್ವಭಾವವೋ ಎಂದು ಕೇಳಿದರೆ ಹೆಚ್ಚಿನ ಪಾಲು ಎರಡನೆಯದೆಂದೇ ನಾನು ಹೇಳುವೆನು. ಆದರೆ ಆ ಸ್ವಭಾವಕ್ಕೆ ಅಡ್ಡಬಾರದಂತೆ, ಬೇಗ ಆರಂಭವಾಗಿ, ಐದು ಓವರುಗಳ ಪಂದ್ಯವೊಂದನ್ನು ಅಲ್ಪಕಾಲದಲ್ಲಿ ಮುಗಿಸಿಕೊಡುವ ವಿನಯ ನಿರ್ಮಾಪಕರದು. ‘ಡಾನ್ ಬ್ರಾಡ್‌ಮನ್ ಕ್ರಿಕೆಟ್ 14’ರಿಂದ ‘ಕ್ರಿಕೆಟ್ 24’ರ ವರೆಗೆ ಬಿಗ್ ಆಂಟ್ ಸಂಸ್ಥೆ ತಂದ ಆಟಗಳು ಕ್ರಿಕೆಟ್ಟಿನ ಅನುಕರಣೆಯಾಗಿ ಇದಕ್ಕಿಂತ ಎಷ್ಟೋ ಸೂಕ್ಷ್ಮವಾದವು, ಆದರೆ ಅವು ಬಲವಾದ ಯಂತ್ರವನ್ನೂ ದೀರ್ಘವಾದ ಅಭ್ಯಾಸವನ್ನೂ ಬೇಡುತ್ತವೆ.

ಈ ವಿಚಾರದಲ್ಲಿ ಮೈಸೂರಿಗೆ ತನ್ನದೇ ಆದ ಒಂದು ಪೂರ್ವೋದಾಹರಣೆಯುಂಟು. 1794ರಿಂದ 1868ರ ವರೆಗೆ ಬಾಳಿದ ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ಆಡಳಿತ ಆಂಗ್ಲರ ಕೈಸೇರಿದ ಮೇಲೆ ತಮ್ಮ ಮೇಧಾಶಕ್ತಿಯ ಬಹುಭಾಗವನ್ನು ಸಾಹಿತ್ಯ, ಕಲೆ ಮತ್ತು ಕ್ರೀಡೆಗಳಿಗೆ ಮೀಸಲಿಟ್ಟರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೆ ಸಂಬಂಧಿಸಿದ್ದು, ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಬಾರಿ ಮಾತ್ರ ನಡೆಸುವ ಸಮಸ್ಯೆಯಲ್ಲಿ ಅವರದು ಎತ್ತಿದ ಕೈ, ಮೊಹಲ್ಲೆಗೆ ಅನತಿದೂರದಲ್ಲಿರುವ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಕಾಲದ ಆಟದ ಪಟಗಳು ಚಿತ್ರಿತವಾಗಿವೆ. ಇಸ್ಪೀಟಿನ ಬಗೆಯ ಗಂಜೀಫಾ ಎಲೆಗಳಲ್ಲಿ ಅವರು ರೂಪಿಸಿದ ಚಾಮುಂಡೇಶ್ವರಿ ಛದದಲ್ಲಿ 320 ಎಲೆಗಳುಂಟು. ಕಲ್ಪನೆಯ ವೈಭವದಲ್ಲಿ ಅದಕ್ಕೆ ಸಮಾನವಾದದ್ದು ವಿರಳ. ಆಡತಕ್ಕವರೂ ಅಷ್ಟೇ ವಿರಳ. ಅದೇ ಊರಿನಲ್ಲಿ ಇಪ್ಪತ್ತೈದು ಮನೆಗಳ ಚೌಕಾಬಾರ ಇನ್ನೂ ಜಗಲಿಗಳ ಮೇಲೆ ಬದುಕಿದೆ. ಸೀಮೆಸುಣ್ಣದಿಂದ ಗೀಚಿದ ಐದೈದರ ಚೌಕ, ನಾಲ್ಕು ಕವಡೆ, ಕವಡೆಯಿಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ಹುಣಿಸೆಬೀಜ, ತಲೆಗೆ ನಾಲ್ಕು ಕಾಯಿ. ನಾಲ್ಕೋ ಎಂಟೋ ಬಿದ್ದರೆ ಮತ್ತೊಂದು ಆಟ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಾರದೆಂಬ ಕಟ್ಟಳೆ ಒಂದು ಮನೆಯಲ್ಲುಂಟು, ಪಕ್ಕದ ಮನೆಯಲ್ಲಿಲ್ಲ. ಕಾಯಿ ಹಣ್ಣಾಗುವ ಬಗೆಯನ್ನು ಅಜ್ಜಿ ಹೇಗೆ ಹೇಳಿಕೊಟ್ಟಳೋ ಹಾಗೆ ಆಡುವರು, ಬೇಡವೆನಿಸಿದರೆ ಸೇರಿದವರೆಲ್ಲ ಒಪ್ಪಿ ಬದಲಿಸುವರು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಮೈಸೂರಿನಲ್ಲಿ ನಡೆಸುವ ‘ಕ್ರೀಡಾ ಕೌಶಲ್ಯ’ ಪ್ರದರ್ಶನದಲ್ಲಿ ಇಂತಹ ಆಟಗಳ ಹಾಸುಗಳನ್ನು ನಾನಾ ಕಸುಬುಗಳ ಅಂದದಲ್ಲಿ ನೋಡಬಹುದು. ಗಾತ್ರದಲ್ಲಿಯೂ ಅಲಂಕಾರದಲ್ಲಿಯೂ ದೊಡ್ಡದಾದದ್ದು ಕಪಾಟು ಸೇರಿ, ಆಡುವವರ ಕೈಗೆ ಒಗ್ಗುವಷ್ಟು ಚಿಕ್ಕದಾದದ್ದು, ಅವರೇ ತಿದ್ದಿಕೊಳ್ಳಬಹುದಾದದ್ದು, ತಲೆಮಾರುಗಳನ್ನು ದಾಟಿತು. ‘ಕ್ರಿಕೆಟ್ 07’ ಚೌಕಾಬಾರದ ಈ ಜಾತಿಗೆ ಸೇರಿದ ಕೃತಿಯೆಂಬುದು ನನ್ನ ನಿರ್ಣಯ.

ಇಂದಿನ ಮೊಬೈಲುಗಳಲ್ಲಿ ಆಡಲ್ಪಡುವ ಬಹುಪಾಲು ಆಟಗಳಿಗೂ ಜನ ದಿನದಿನವೂ ಮರಳುತ್ತಾರಲ್ಲವೆ ಎಂಬ ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಹೌದು, ಮರಳುತ್ತಾರೆ, ಆದರೆ ಯಾವ ಬಲದಿಂದ ಎಂಬುದನ್ನು ವಿಚಾರಿಸಬೇಕು. ದಿನಕ್ಕೊಮ್ಮೆ ಬಾರದಿದ್ದರೆ ಬಹುಮಾನ ತಪ್ಪುವುದು, ಋತು ಮುಗಿಯುವುದರೊಳಗೆ ಆಡದಿದ್ದರೆ ಗಳಿಸಿದ ಪದವಿ ಇಳಿಯುವುದು, ಹಣ ತೆತ್ತವನಿಗೆ ಮೊದಲ ಪಂಕ್ತಿ: ಈ ಕಟ್ಟುಗಳಿಂದ ಬಿಗಿದ ಆಟಕ್ಕೆ ಹಿಂದಿರುಗುವುದನ್ನು ಪುನರಾಗಮನವೆನ್ನಲು ನನ್ನ ಮನಸ್ಸು ಒಪ್ಪದು, ಏಕೆಂದರೆ ಅಲ್ಲಿ ಬಿಟ್ಟುಹೋಗುವ ಸ್ವಾತಂತ್ರ್ಯವೇ ಇರಲಿಲ್ಲ. ಅಲ್ಲದೆ ಅವುಗಳ ಪ್ರಾಣ ಆಡುವವನ ಕೈಯಲ್ಲಿಲ್ಲ, ದೂರದ ಸರ್ವರಿನಲ್ಲಿದೆ. ಉದಾಹರಣೆಗೆ, 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಪಬ್‌ಜಿ ಎಂಬ ಮೊಬೈಲು ಆಟವನ್ನು ನಿಷೇಧಿಸಿತು. 2021ರಲ್ಲಿ ಅದು ಬಿಜಿಎಂಐ ಎಂಬ ಹೆಸರಿನಿಂದ ಮರಳಿ, 2022ರಲ್ಲಿ ತಡೆಹಿಡಿಯಲ್ಪಟ್ಟು, 2023ರಲ್ಲಿ ಮತ್ತೆ ಬಂತು. ಆ ನಿಷೇಧದ ಯುಕ್ತಾಯುಕ್ತತೆ ಇಲ್ಲಿ ವಿಚಾರಣೀಯವಲ್ಲ. ಬಂದದ್ದೂ ಹೋದದ್ದೂ ಆಡುವವನ ಇಚ್ಛೆಯಿಂದಲ್ಲವೆಂಬುದಷ್ಟೇ ಪ್ರಕೃತ. ಪರೀಕ್ಷೆ, ಉದ್ಯೋಗ, ಮದುವೆ, ವಿದೇಶವಾಸ ಎಂದು ಹಲವು ವರ್ಷ ಬಿಟ್ಟುಹೋದವನಿಗೆ ‘ಕ್ರಿಕೆಟ್ 07’ ಯಾವ ದಂಡವನ್ನೂ ವಿಧಿಸುವುದಿಲ್ಲ. ಅಂಗಡಿಗಳಲ್ಲಿ ಇದರ ಹೊಸ ಪ್ರತಿ ಇಂದು ಸಿಕ್ಕುವುದಿಲ್ಲ, ನಿರ್ಮಿಸಿದವರು ಇದನ್ನು ಮರೆತಂತಿದೆ. ಆದರೆ ಕೈಯಲ್ಲಿರುವ ಪ್ರತಿ ಯಾರ ಅನುಮತಿಯನ್ನೂ ಕಾಯದೆ ತೆರೆದುಕೊಳ್ಳುತ್ತದೆ. ವಿಮರ್ಶೆಯ ಮಾನದಂಡಗಳಲ್ಲಿ ಈ ಔದಾರ್ಯಕ್ಕೆ ಒಂದು ಸ್ಥಾನವನ್ನು ನಾವು ಕಲ್ಪಿಸಬೇಕು. ಆಟವನ್ನು ಕುರಿತು ಬರೆಯುವವರು ಅದು ಎಷ್ಟು ಗಂಟೆ ಹಿಡಿದಿಡುವುದೆಂದು ಹೇಳುವಷ್ಟು ಮುತುವರ್ಜಿಯಿಂದಲೇ, ಬಿಟ್ಟುಹೋದವನನ್ನು ಹೇಗೆ ಬರಮಾಡಿಕೊಳ್ಳುವುದೆಂಬುದನ್ನೂ ಹೇಳಬೇಕು.

ತಿದ್ದುಪಡಿಯ ಶಕ್ತಿಗೂ ಒಂದು ಎಲ್ಲೆಯುಂಟು, ಮತ್ತು ಆ ಎಲ್ಲೆ ಈಗ ಎದ್ದು ಕಾಣುತ್ತಿದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಮಹಿಳಾ ತಂಡ ಡಬ್ಲ್ಯುಪಿಎಲ್ ಪ್ರಶಸ್ತಿಯನ್ನು ಗೆದ್ದಿತು. ಅಂತಿಮ ಪಂದ್ಯದಲ್ಲಿ ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ 12 ಓಟಗಳಿಗೆ 4 ವಿಕೆಟ್ ಪಡೆದಳು. ಆ ಪಂದ್ಯವನ್ನು ಕಂಡ ಮೊಹಲ್ಲೆಯ ಹುಡುಗಿಯೊಬ್ಬಳು ಅಣ್ಣನ ಪಕ್ಕದ ಕುರ್ಚಿಯಲ್ಲಿ ಕುಳಿತು ತನ್ನ ತಂಡವನ್ನು ಆಡಿಸಬೇಕೆಂದರೆ, ‘ಕ್ರಿಕೆಟ್ 07’ ಅವಳಿಗೆ ಹೆಸರನ್ನೂ ಉಡುಪಿನ ಬಣ್ಣವನ್ನೂ ಮಾತ್ರ ಕೊಡಬಲ್ಲುದು. ಮೈಕಟ್ಟು, ಓಟದ ರೀತಿ, ಬೆನೊ ಅವರ ಪ್ರತಿಯೊಂದು ಸರ್ವನಾಮ, ಎಲ್ಲವೂ ಪುರುಷರಿಗೆಂದೇ ಎರಕಹೊಯ್ದವು. ಮಹಿಳೆಯರ ತಂಡಗಳನ್ನು ಗಂಡಸರ ತಂಡಗಳ ಜೊತೆಗೇ ಇಟ್ಟ ‘ಆಷಸ್ ಕ್ರಿಕೆಟ್’ ಎಂಬ 2017ರ ಆಟ ಅವಳಿಗೆ ಯೋಗ್ಯವಾದದ್ದು. ಅದನ್ನು ಆಡಿಸತಕ್ಕ ಯಂತ್ರ ಮನೆಯಲ್ಲಿದ್ದರೆ, ಅಣ್ಣನು ಇಷ್ಟು ಕಾಲದ ಅಭ್ಯಾಸವನ್ನು ಬದಿಗಿಟ್ಟು ಅವಳೊಡನೆ ಅದನ್ನೇ ಕಲಿಯಲೆಂದು ನಾನು ಹೇಳುವೆನು.