ಗೋಬರ್ ಗ್ಯಾಸಿನ ಗುಂಡಿಯೂ ಸಂವೇದಕಗಳೂ

ಗೋಬರ್ ಗ್ಯಾಸಿನ ಗುಂಡಿಗೆ ಸಂವೇದಕಗಳನ್ನು ಇಳಿಬಿಟ್ಟು, ಅದರೊಳಗಿನ ಉಷ್ಣತೆ, ಆಮ್ಲತೆ, ಮೀಥೇನಿನ ಪ್ರಮಾಣ ಇವುಗಳನ್ನು ಗಳಿಗೆಗಳಿಗೆಗೂ ದಾಖಲಿಸುವ ಸಂಶೋಧನೆಯನ್ನು ಕೈಕೊಳ್ಳುವ ವಿದ್ಯಾರ್ಥಿಗಳು ಈಗ ಅನೇಕರು. ಇದು ಶ್ಲಾಘ್ಯವೇ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಕೆ ತೋಟದ ಮನೆಯೊಂದರ ಹಿತ್ತಿಲಿನಲ್ಲಿ ನಿಂತು ನೋಡಿದಾಗ, ಈ ಬಗೆಯ ಅಧ್ಯಯನವು ಅಳೆಯಲು ಸುಲಭವಾದುದನ್ನೇ ಅಳೆದು ತೃಪ್ತವಾಗುವ ಅಪಾಯವುಂಟೆಂದು ಹೇಳದೆ ವಿಧಿಯಿಲ್ಲ.

ಮೊದಲು ಆಮ್ಲತೆಯ ವಿಚಾರ. ಸಗಣಿಯ ಬಗ್ಗಡದಲ್ಲಿ ಬೈಕಾರ್ಬೊನೇಟು ಸಮೃದ್ಧವಾಗಿರುತ್ತದೆ. ಆದುದರಿಂದ ಮೀಥೇನನ್ನು ಉತ್ಪಾದಿಸುವ ಸೂಕ್ಷ್ಮಜೀವಿಗಳು ಸೋತು, ಅಸಿಟಿಕ್ ಮೊದಲಾದ ಆಮ್ಲಗಳು ಶೇಖರವಾಗತೊಡಗಿದರೂ ಪಿ.ಎಚ್. ಅಂಕಿಯು ಬಹುಕಾಲ 7ರ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಅದು ಕುಸಿಯುವ ಹೊತ್ತಿಗೆ ಗುಂಡಿ ಕೆಟ್ಟಿರುತ್ತದೆ. ಆಮ್ಲಕ್ಕೂ ಕ್ಷಾರತೆಗೂ ಇರುವ ಅನುಪಾತವು ಇದಕ್ಕಿಂತ ಮುಂಚಿತವಾಗಿ ಎಚ್ಚರಿಸಬಲ್ಲುದು. ಅದನ್ನು ಕಾಣಲು ಬೇಕಾದುದು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಇರುವ ಒಂದು ಬ್ಯುರೆಟ್ಟು.

ಮೀಥೇನಿನ ಮಾಪನದಲ್ಲಿ ತೊಡಕು ಇನ್ನೂ ಹೆಚ್ಚು. ಅಗ್ಗವಾಗಿ ದೊರೆಯುವ, ಲೋಹದ ಆಕ್ಸೈಡಿನಿಂದಾದ ಸಂವೇದಕವು ಗಾಳಿಯಲ್ಲಿ ಸೋರಿದ ಅನಿಲವನ್ನು ಪತ್ತೆಹಚ್ಚಲೆಂದು ರೂಪಿತವಾದುದು. ಅದರ ಕ್ರಿಯೆಗೆ ಆಮ್ಲಜನಕ ಬೇಕು. ಆಮ್ಲಜನಕವೇ ಇಲ್ಲದ ಗುಂಡಿಯ ಅನಿಲದಲ್ಲಿ ಅದು ತೋರುವ ಅಂಕಿಯನ್ನು ನಂಬಿ ನಕ್ಷೆ ಬರೆಯುವುದು ಸಾಹಸವೇ ಸರಿ! ಅವಕೆಂಪು ಕಿರಣದ ಉಪಕರಣ ಯೋಗ್ಯವಾದುದು. ಆದರೆ ಅನಿಲದ ತೇವವನ್ನೂ ಹೈಡ್ರೋಜನ್ ಸಲ್ಫೈಡನ್ನೂ ಮೊದಲು ನೀಗಿಸಬೇಕು.

ಇನ್ನು ಮಲೆನಾಡಿನ ಸ್ಥಿತಿ. ಇಲ್ಲಿಯ ಮಲೆನಾಡು ಗಿಡ್ಡ ತಳಿಯ ದನಗಳು ಗಾತ್ರದಲ್ಲಿ ಸಣ್ಣವು. ಹಗಲೆಲ್ಲ ಮೇಯಲು ಹೋಗಿ ಕೊಟ್ಟಿಗೆಗೆ ರಾತ್ರಿಯ ಸಗಣಿಯನ್ನಷ್ಟೇ ಕೊಡುವಂಥವು. ಆ ಸಗಣಿಯೊಡನೆ ಕೊಟ್ಟಿಗೆಗೆ ಹಾಸಿದ ಸೊಪ್ಪು ಬೆರೆತರೆ ಅದು ಗುಂಡಿಯಲ್ಲಿ ಮೇಲೆ ತೇಲಿ ಹೆಪ್ಪುಗಟ್ಟುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಂಥ ಮಳೆಯ ನೀರು ಬಾಯಿ ತೆರೆದ ಗುಂಡಿಗೆ ನುಗ್ಗಿದರೆ ಬಗ್ಗಡ ತೆಳುವಾಗುತ್ತದೆ, ಅದರ ಕಾವೂ ಇಳಿಯುತ್ತದೆ. ಸಗಣಿಯ ಕೊರತೆ, ಸೊಪ್ಪಿನ ಹೆಪ್ಪು, ನೀರಿನ ಬೆರಕೆ, ಚಳಿ, ಯಾವುದು ಕಾರಣವಾದರೂ ಒಲೆಯಲ್ಲಿ ಕಾಣುವುದು ಒಂದೇ: ಉರಿ ಬೇಗನೆ ಆರುತ್ತದೆ. ಉತ್ಪತ್ತಿಯ ರೇಖೆಯೊಂದೇ ಈ ಕಾರಣಗಳನ್ನು ಬೇರ್ಪಡಿಸಲಾರದು. ಅಡಿಗೆಮನೆಯಲ್ಲಿ ಸಿಲಿಂಡರು ಬಂದು ಕುಳಿತಿರುವಾಗ, ಕಾರಣ ತಿಳಿಯದ ಗೃಹಿಣಿ ಸಗಣಿ ಕಲಸುವುದನ್ನೇ ನಿಲ್ಲಿಸಿಬಿಡುತ್ತಾಳೆ.

ಈ ಸಂದರ್ಭದಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಪ್ರಯೋಗವನ್ನು ನೆನೆಯಬೇಕು. ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರವು ಅಲ್ಲಿ ಸಮುದಾಯದ ಸ್ಥಾವರವನ್ನು ನಿರ್ಮಿಸಿತು. 1987ರಿಂದ ಆ ಅನಿಲದಲ್ಲಿ ಎಂಜಿನ್ ನಡೆದು ಮನೆಗಳಿಗೆ ದೀಪವೂ ನೀರೂ ದೊರೆತುವು. ಮನೆಮನೆಯ ಸಗಣಿಯನ್ನು ಅಲ್ಲಿ ತೂಗಿ ಬರೆದುಕೊಳ್ಳುತ್ತಿದ್ದರು. ಅವರವರ ಪಾಲಿನ ಗೊಬ್ಬರ ಹಿಂದಕ್ಕೆ ಹೋಗುತ್ತಿತ್ತು. ಒಳಹೋದ ಸಗಣಿಯ ಅಂಥ ಲೆಕ್ಕವನ್ನು ಜೊತೆಗಿಟ್ಟುಕೊಂಡಾಗ ಮಾತ್ರ ಸಂವೇದಕದ ರೇಖೆಗೆ ಅರ್ಥ ಬರುತ್ತದೆ.

ತೇಲುವ ಡ್ರಮ್ಮಿನ ಗುಂಡಿಯಲ್ಲಿ ಅನಿಲವೆಷ್ಟಿದೆಯೆಂಬುದನ್ನು ಡ್ರಮ್ಮಿನ ಎತ್ತರವೇ ಹೇಳುತ್ತದೆ. ಗುಮ್ಮಟವು ನೆಲದಡಿಯಲ್ಲಿ ಅಡಗಿರುವ ದೀನಬಂಧು ಮಾದರಿಗೆ ಈ ಅನುಕೂಲವಿಲ್ಲ. ಅಲ್ಲಿ ಅನಿಲದ ಕೊಳವೆಗೆ ಒತ್ತಡಮಾಪಕವೊಂದನ್ನು ಜೋಡಿಸಿ, ಪಕ್ಕದಲ್ಲಿ ಬುಟ್ಟಿಗಳ ಲೆಕ್ಕದ ಪುಸ್ತಕವೊಂದನ್ನು ತೂಗುಹಾಕುವ ವಿದ್ಯಾರ್ಥಿಯ ಪ್ರಬಂಧವನ್ನು ನಾವು ಆಸಕ್ತಿಯಿಂದ ಓದುವೆವು.